ಬಾಲದಿಂದ ಎಣಿಸುವ ಯಂತ್ರ

ಮಾರಿಬೋರಿನಲ್ಲಿ, ದ್ರಾವಾ ಹೊಳೆಯ ಆಚೆ ದಡಕ್ಕೆ,
ಸೈಕಲ್ ರಿಪೇರಿ ಅಂಗಡಿಯ ನೆಲಮಾಳಿಗೆ.
ಅಲ್ಲೊಂದು ಯಂತ್ರ, ಮುದಿ ಹಲ್ಲಿನ ಬಣ್ಣದ್ದು;
ಮುಚ್ಚಿದ ಎರಕದ ಕಾರ್ಖಾನೆಯಿಂದ
ಕಿಲೋ ಲೆಕ್ಕದಲ್ಲಿ ಕೊಂಡದ್ದು, ಗುಜರಿಯವನ ತಕ್ಕಡಿಯಲ್ಲಿ.
ಮಾಡಿದ ಕಂಪನಿ ಸತ್ತು ಇಪ್ಪತ್ತಾರು ವರ್ಷ.
ತಿಥಿ ಮಾಡುವವರೂ ಇಲ್ಲ ಅದಕ್ಕೆ.

ನಾವು ಮಂಗಳವಾರದವರು.
ಜ್ದೆಂಕಾ, ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳು,
ತಂತಿಯ ಬಣ್ಣ ಬೆರಳಿಗೇ ತಿಳಿಯುತ್ತದಂತೆ;
ನಾವು ನಂಬಿದ್ದೇವೆ, ಅವಳು ಅಲ್ಲಗಳೆದಿಲ್ಲ.
ತಿಲೆನ್, ಇನ್ನೂ ಶಾಲೆಯ ಹುಡುಗ,
ಕೆಮ್ಮಿದರೂ ಕ್ಷಮಿಸಿ ಅನ್ನುವವ.
ನಾನು ಬೇಕರಿ ವ್ಯಾನಿನವ. ಬೆಳಗಿನ ನಾಲ್ಕಕ್ಕೆ ನನ್ನ ದಿನ.
ಇನ್ನೊಬ್ಬ ಆನ್ಸೆಲ್ಮೊ, ದೂರದ ಚಿಲಿಯವ.
ಮುಖ ನೋಡಿಲ್ಲ. ಅವನಲ್ಲೂ ಇಂಥದೇ ಯಂತ್ರ.
ನಮಗೆ ಗೊತ್ತಿದ್ದ ಹಾಗೆ
ಭೂಮಿಯ ಮೇಲೆ ಉಸಿರಾಡುವುದು ಇವೆರಡೇ.

ಸಂಬಳವಿಲ್ಲ. ಮಾಡಿ ಎಂದವರೂ ಇಲ್ಲ.
ನನ್ನ ತಂಗಿ ಕೇಳುತ್ತಾಳೆ: ಇದನ್ನ ಬಳಸೋರು ಯಾರೋ?
ನಾನು ತೋಳಿನ ಹಿಟ್ಟು ಕೊಡವುತ್ತೇನೆ.

ಕರುಳನ್ನೂ ಬಿಚ್ಚಿಟ್ಟ ವ್ಯವಸ್ಥೆ ಇದು;
ಒಬ್ಬ ಬರೆದು, ಇನ್ನೊಬ್ಬ ತಿದ್ದಿ,
ಮತ್ತೊಬ್ಬ ತಿದ್ದಿದವನನ್ನು ಬೈದು, ಬೈದ ಮೇಲೆ ತಾನೇ ತಿದ್ದಿ,
ಕೈಯಿಂದ ಕೈಗೆ ಬಂದದ್ದು.
ಬೇರೆ ಯಂತ್ರಗಳಲ್ಲಿ ಲೀಲಾಜಾಲ.
ಇಲ್ಲಿ ಮಾತ್ರ ಹೊಸ ಮನೆಗೆ ತಂದ ಬೆಕ್ಕಿನ ಹಾಗೆ
ಮಂಚದಡಿ ಸೇರಿ ಹನ್ನೊಂದು ತಿಂಗಳು ಹೊರಗೆ ಬರಲಿಲ್ಲ.
ಕಪ್ಪು ಪರದೆ.
ಅಷ್ಟು ದಿನ ನೋಡಿದರೆ ಕಪ್ಪಿನಲ್ಲೂ ಬಣ್ಣ ಹುಟ್ಟುತ್ತದೆ.

ಫೆಬ್ರವರಿಯ ಒಂದು ಮಂಗಳವಾರ
ಸೀರಿಯಲ್ ತಂತಿಯ ತುದಿಯಿಂದ ಉದುರಿತು
ಮೊದಲೊಂದು ಚುಕ್ಕಿ, ಹಿಂದೆಯೇ ಮೂರು ಅಕ್ಷರ.
ಅರ್ಥವಿಲ್ಲದ್ದು. ತಿಲೆನ್ ತಲೆ ಹಿಡಿದು ಕೂತ.
ಜ್ದೆಂಕಾ ಕನ್ನಡಕ ಏರಿಸಿ, ಇಳಿಸಿ, ನಕ್ಕಳು:
ಪೂರ್ಣವಿರಾಮದಿಂದ ಮಾತು ಶುರುಮಾಡೋರು ಯಾರೋ?
ಇಪ್ಪತ್ತನಾಲ್ಕಕ್ಕೆ ನಾವೇನಂತೀವಿ?
ನಾಲ್ಕು-ಮತ್ತು-ಇಪ್ಪತ್ತು. ಬಿಡಿ ಮೊದಲು, ಹತ್ತು ಆಮೇಲೆ.
ಇದೂ ನಮ್ಮೂರಿನದೇ ಕಣೋ, ಬಾಲದಿಂದ ಎಣಿಸುತ್ತೆ.

ಹಿಂದಿನಿಂದ ಓದಿದೆವು.
ಸೆಮ್. ಚುಕ್ಕಿ.
ನಮ್ಮ ಸ್ಲೊವೀನಿನಲ್ಲಿ: ಇದ್ದೇನೆ.
ತಿಲೆನನೇ ಬರೆದಿಟ್ಟ ಮಾತು, ಪರೀಕ್ಷೆಗೆಂದು.
ಆದರೂ ಯಾರೋ ಬಾಗಿಲಾಚೆಯಿಂದ ಅಂದಂತಾಗಿ
ಮೂವರೂ ಎದ್ದು ನಿಂತಿದ್ದೆವು.

ಏಪ್ರಿಲ್‌ನಲ್ಲಿ ಆನ್ಸೆಲ್ಮೊನ ಯಂತ್ರ ಹೊಗೆಯಾಯಿತು.
ಅವನು ಹೆಚ್ಚೇನೂ ಬರೆಯಲಿಲ್ಲ. ಪಾರ್ಸೆಲ್ ಬಂತು:
ಕೈಪಿಡಿಯ ನಲವತ್ತೊಂದು ಪುಟ, ಜೆರಾಕ್ಸು,
ಹದಿನೇಳನೆಯದರ ಮೇಲೆ ಕಾಫಿಯ ಉಂಗುರ;
ಉಣ್ಣೆಯ ಕಾಲುಚೀಲದೊಳಗೆ
ಎಂಟು ಮೆಮೊರಿ ಚಿಪ್ಪು, ಕಾಲು ಸೊಟ್ಟಗಾಗದಂತೆ ಸುತ್ತಿದ್ದು.
ಕಾಲುಚೀಲ ಒಂದೇ. ಜೋಡಿ ಅವನಲ್ಲೇ ಉಳಿದಿರಬೇಕು.

ನಮ್ಮ ನುಡಿಯಲ್ಲಿ ಎರಡು ಅಂದರೆ ಬಹುವಚನವಲ್ಲ.
ಇಬ್ಬರಿಗೆಂದೇ ಬೇರೆ ಸರ್ವನಾಮ, ಬೇರೆ ಕ್ರಿಯಾಪದ.
ಮೂರನೆಯವ ಒಳಗೆ ಬಂದರೆ ವ್ಯಾಕರಣವೇ ಬದಲು.
ಶಾಲೆಯಲ್ಲಿ ಇದಕ್ಕೆ ಪೆಟ್ಟು ತಿಂದವನು ನಾನು.

ಚಿಪ್ಪುಗಳನ್ನು ಜ್ದೆಂಕಾ ಒತ್ತಿ ಕೂರಿಸಿದಳು, ಒಂದೊಂದಾಗಿ.
ಆಮೇಲೆ ಹುಡುಗನನ್ನು ಸರಿಸಿ, ಮಾತಾಡದೆ,
ಎರಡೇ ಬೆರಳಲ್ಲಿ ಏನೋ ಅಳಿಸಿ ಏನೋ ಒತ್ತಿದಳು.
ಸ್ವಿಚ್ಚು.
ಫ್ಯಾನು ಗೊರಗುಟ್ಟಿತು. ಬಂತು, ಈ ಸಲ ನೆಟ್ಟಗೆ:
ಸ್ವಾ. ಚುಕ್ಕಿ.
ನಾವಿಬ್ಬರೂ ಇದ್ದೇವೆ.

ಅಷ್ಟಕ್ಕೇ ನಿಂತಿತು. ಡಿಸ್ಕು ಕಾಣಿಸಲೇ ಇಲ್ಲ ಅದಕ್ಕೆ.
ತಿಲೆನ್ ಪುಟ ತಿರುವತೊಡಗಿದ. ಮೂರೂವರೆಯಾಗಿತ್ತು;
ವ್ಯಾನಿನ ಕೀಲಿ ನನ್ನ ಜೇಬಲ್ಲಿ ಚುಚ್ಚುತ್ತಿತ್ತು.