ಬೆನ್ನಿನ ಜಿಪ್ಪು

ನಾನು ಬಂದರು ದಕ್ಕೆಯಲ್ಲಿ ಬೋಟಿನ ಇಂಜಿನು ಬಿಚ್ಚುವವ.
ಶುಕ್ರವಾರ ಮಧ್ಯಾಹ್ನದ ಮೇಲೆ ಮಾತ್ರ
ಸ್ಪ್ಯಾನರು ಮುಟ್ಟುವುದಿಲ್ಲ.
ಹಂಪನಕಟ್ಟೆಯ ಹಳೇ ಟಾಕೀಸಿನಲ್ಲಿ
ಯಾವ ಗ್ರಹದ ಯಾವ ಪ್ರಾಣಿ ಇಳಿದರೂ
ಮೂರನೇ ಸಾಲಿನಲ್ಲಿ ನಾನುಂಟು,
ಜುಮ್ಮಾ ಮುಗಿಸಿ ಬಂದ ಐಸ್ ಪ್ಲಾಂಟಿನ ಮೊಯ್ದಿನಬ್ಬ ಉಂಟು,
ಅವನ ಶರ್ಟಿನೊಳಗೆ ಗೋಳಿಬಜೆಯ ಪೊಟ್ಟಣ.
ಚಟ್ನಿ ಇಲ್ಲ. ಚಟ್ನಿ ಕದ್ದು ತರಲಿಕ್ಕಾಗುವುದಿಲ್ಲ.

ಮೊದಲು ಆಕಾಶನೌಕೆಯ ವಿಷಯ.
ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ,
ಒಬ್ಬನೇ ಒಬ್ಬ ಮೆಕ್ಯಾನಿಕನ ಉಗುರಲ್ಲಿ
ಗ್ರೀಸು ಕಂಡದ್ದಿಲ್ಲ.
ಬಿಳೀ ಬಟ್ಟೆ, ಬಿಳೀ ಗೋಡೆ, ನೀಲಿ ದೀಪ,
ಕೈ ಒರೆಸಲಿಕ್ಕೆ ಹರಿದ ಬನಿಯನೊಂದು ಕೂಡ ಇಲ್ಲ.
ಇಂಜಿನು ಕೆಟ್ಟರೆ ನಾಯಕಿ ಗಾಜಿನ ಮೇಲೆ ಬೆರಳಾಡಿಸುತ್ತಾಳೆ,
ಸರಿಯಾಗುತ್ತದೆ!
ನಮ್ಮಲ್ಲಿ ಸುರತ್ಕಲ್ ಎದುರು, ಇಪ್ಪತ್ತು ಮಾರು ನೀರಲ್ಲಿ
ಗೇರ್‌ಬಾಕ್ಸು ಕೂತರೆ
ಮೊದಲು ಬಯ್ಗುಳ, ಆಮೇಲೆ ಸುತ್ತಿಗೆ,
ಕೊನೆಗೆ ಕೊರಗಜ್ಜನಿಗೆ ಚಕ್ಕುಲಿಯ ಹರಕೆ.
ಈ ಮೂರೂ ಇಲ್ಲದೆ ನಕ್ಷತ್ರದ ತನಕ ಹೋದರಂತೆ,
ನಾನು ನಂಬಬೇಕಂತೆ.

ಮತ್ತೆ ಅನ್ಯಗ್ರಹದವರಿಗೆಲ್ಲ ಇಂಗ್ಲಿಷ್ ಬರುತ್ತದೆ.
ಚಂದ್ರಗಿರಿ ಹೊಳೆ ದಾಟಿದರೆ
ನನ್ನ ತುಳು ನಡೆಯುವುದಿಲ್ಲ ಸ್ವಾಮಿ.

ಬಾಂಬಿನ ಕೆಂಪು ವಯರು, ಅದೂ ಒಂದು.
ನಮ್ಮ ದಕ್ಕೆಯ ಗಿಲ್ಬರ್ಟ್ ವಯರಿಂಗ್ ಮಾಡಿದ್ದರೆ
ಒಳಗೆ ಎಲ್ಲವೂ ಕಪ್ಪೇ.
ಭೂಮಿ ಅವತ್ತೇ ಮುಗಿದಿತ್ತು.

ಇನ್ನು ಸಮುದ್ರದಿಂದ ಏಳುವ ದೈತ್ಯರು.
ಸಾವಿರ ವರ್ಷ ತಳದ ಕೆಸರಲ್ಲಿ ಮಲಗಿದ್ದು
ಊರಿಗೆ ನುಗ್ಗಿದಾಗ
ಎಲ್ಲರೂ ಓಡುತ್ತಾರೆ, ಒಬ್ಬನೂ ಮೂಗು ಮುಚ್ಚುವುದಿಲ್ಲ!
ಒಂದು ಬುಟ್ಟಿ ಬೂತಾಯಿ ಎರಡು ಗಂಟೆ ಬಿಸಿಲು ಕಂಡರೆ
ನಮ್ಮನ್ನು ಬಸ್ಸಿಗೇ ಹತ್ತಿಸುವುದಿಲ್ಲ.

ಇಲ್ಲಿಗೆ ಯಾಕೆ ಒಂದೂ ಬರುವುದಿಲ್ಲ ಅಂತ
ಮೊಯ್ದಿನಬ್ಬನಿಗೆ ಬೇಸರ.
ಯಾವಾಗಲೂ ದೂರದ ಊರೇ, ಗಾಜಿನ ಕಟ್ಟಡವೇ.
ನಾನೆಂದೆ, ಬಂದಿರಬಹುದು ಮಾರಾಯ.
ಅಳಿವೆಬಾಗಿಲಿನ ಹೂಳು ತೆಗೆಯದೆ ಎಷ್ಟು ಕಾಲವಾಯ್ತು?
ಬೋಟೇ ಮರಳಿಗೆ ತಾಗಿ ಕೂರುತ್ತದೆ,
ಅದು ಪಾಪ, ಹೊಟ್ಟೆ ಸಿಕ್ಕಿಸಿಕೊಂಡು
ಭರತಕ್ಕೆ ಕಾಯುತ್ತಾ
ಬೆಂಗ್ರೆಯ ಮಕ್ಕಳಿಗೆ ಬಾಲ ಆಡಿಸುತ್ತಿರಬಹುದು.
ಹೇಗಾದರೂ ದಾಟಿತು ಅನ್ನು,
ದಕ್ಕೆಯಲ್ಲಿ ಗಿರಿಜಕ್ಕ ಉಂಟಲ್ಲ.
ಬೆಂಕಿ ಉಗುಳುವಾಗಲೇ ಕಿವಿರು ಎತ್ತಿ ನೋಡಿ
“ಇದು ನಿನ್ನೆಯದು” ಅನ್ನುತ್ತಾಳೆ,
ಅರ್ಧ ಕ್ರಯಕ್ಕೆ ಕೇಳುತ್ತಾಳೆ.
ಅಂಥ ಅವಮಾನ ಯಾವ ಮಿಲಿಟರಿಯ ಕೈಯಲ್ಲೂ ಸಾಧ್ಯವಿಲ್ಲ.

ಈಗಿನವು ಕಂಪ್ಯೂಟರಿನವು.
ಒಂದೊಂದು ರೋಮವೂ ಬೇರೆ ಬೇರೆ ಅಲ್ಲಾಡುತ್ತದೆ,
ಕಣ್ಣಲ್ಲಿ ನೀರು ಸಹ ಬರಿಸುತ್ತಾರೆ.
ನನಗೇನೂ ಆಗುವುದಿಲ್ಲ.
ನನಗೆ ಬೇಕಾದ್ದು ಹಳೆಯದು, ರಬ್ಬರಿನದು,
ರಟ್ಟಿನ ಪೇಟೆಯಲ್ಲಿ
ಕಾಲೆತ್ತಿ ಕಾಲೆತ್ತಿ ನಡೆಯುವುದು.
ತಿರುಗಿದಾಗ ಬೆನ್ನಲ್ಲಿ ಜಿಪ್ಪು ಕಾಣುತ್ತದೆ.
ಟಾಕೀಸಿಗೆ ಟಾಕೀಸೇ ನಗುತ್ತದೆ.

ನಾನು ನಗುವುದಿಲ್ಲ.
ಒಳಗೊಬ್ಬ ಉಂಟು. ಅವನ ಸೆಕೆ ನನಗೆ ಗೊತ್ತು.
ದಸರೆಗೆ ಸಪೂರದವರೆಲ್ಲ ಹುಲಿ ಹಾಕಿದರು,
ಹೊಟ್ಟೆಯಿದ್ದ ನನಗೆ ಉಳಿದದ್ದು ಕರಡಿವೇಷ.
ಕಪ್ಪು ನಾರಿನ ಅಂಗಿ, ಮೂತಿಯ ತೂತಿನಲ್ಲಿ
ಅರ್ಧ ರಸ್ತೆ ಮಾತ್ರ ಕಾಣುತ್ತಿತ್ತು.
ಆ ಅರ್ಧದಲ್ಲಿ, ರಥಬೀದಿಯ ಬಳೆಯಂಗಡಿ ಎದುರು,
ಒಂದು ಸಣ್ಣ ಹುಡುಗಿ ನನ್ನನ್ನು ಕಂಡು ಅಳಲಿಕ್ಕೆ ಸುರುಮಾಡಿತು.
ಹೆದರಬೇಡ ಮಗಾ, ನಾನು ಇಂಜಿನು ರಿಪೇರಿಯವ
ಅಂತ ಹೇಳಬೇಕಿತ್ತು.
ಮುಖವಾಡದ ಒಳಗಿಂದ ಹೊರಗೆ ಬಂದದ್ದು
ಬರೀ ಗುರ್ರ್ ಅಂತ.
ಅವಳ ಅಪ್ಪ ನನಗೆ ಹತ್ತು ರೂಪಾಯಿ ಕೊಟ್ಟ.

ಹಾಗಾಗಿ ಇಂಟರ್‌ವಲ್ ಆದ ಮೇಲೆ
ನಾನು ಆ ಕಡೆಯವ.
ವಿಮಾನಗಳು ಸುತ್ತುಗಟ್ಟಿ ಹೊಡೆಯುವಾಗ
ಅದು ಮೊಣಕಾಲೂರಿ, ಒಮ್ಮೆ ಕಡಲಿನ ಕಡೆ ತಿರುಗಿ ನೋಡಿ
ರಟ್ಟಿನ ಸೇತುವೆಯ ಮೇಲೆ ಬೀಳುತ್ತದೆ.
ಮೊಯ್ದಿನಬ್ಬ ಸೀಟಿ ಹೊಡೆಯುತ್ತಾನೆ,
ಹೊಡೆದು, ನನ್ನ ಮುಖ ನೋಡುತ್ತಾನೆ.
ಎಂತ ಮಾರಾಯ, ಕಣ್ಣಿಗೆ ಎಂತ ಆಯ್ತು?

ಚಟ್ನಿ ಖಾರ, ಅನ್ನುತ್ತೇನೆ.