ಒಂದು ಅಂಕದ ಪ್ರಶ್ನೆ

ಹತ್ತನೇ ತರಗತಿ, ಮಾಲ್ದಾರೆ.
ಭೌತಶಾಸ್ತ್ರದ ಬುನಾದಿ ಎಷ್ಟು ಗಟ್ಟಿ ಎಂದು ತಿಳಿಯಲು
ಇಪ್ಪತ್ತು ಅಂಕದ ಸಣ್ಣ ಪರೀಕ್ಷೆ.
ಮೂವತ್ತೊಂದು ಉತ್ತರಪತ್ರಿಕೆ, ಕೆಂಪು ಪೆನ್ನು,
ಮಾದರಿ ಉತ್ತರದ ಹಾಳೆ, ನಾನೇ ಬರೆದದ್ದು,
ಅದರ ಮೇಲೆ ಕಾಫಿ ಲೋಟದ ಉಂಗುರ.

ಬಲದ ಏಕಮಾನ ನ್ಯೂಟನ್. ಸರಿ. ಸರಿ. ಸರಿ.
ಒಬ್ಬ ಮಾತ್ರ ಕಿಲೋ ಎಂದಿದ್ದಾನೆ,
ಕರಿಮೆಣಸು ತೂಗುವ ಅಂಗಡಿಯವರ ಹುಡುಗ.
ಅವರ ಮನೆಯಲ್ಲಿ ಜಗತ್ತಿಗೆಲ್ಲ ಅದೇ ಏಕಮಾನ.
ತಪ್ಪು.

ಓಡುವ ಬಸ್ಸು ಥಟ್ಟನೆ ನಿಂತಾಗ
ಪ್ರಯಾಣಿಕರು ಮುಂದಕ್ಕೆ ಬಾಗುತ್ತಾರೆ. ಏಕೆ?
ಜಡತ್ವ ಎಂಬೊಂದು ಪದ ಬಂದಿದ್ದರೆ ಸಾಕಿತ್ತು, ಎರಡು ಅಂಕ.
ನೌಫಲ್ ಬರೆದಿದ್ದಾನೆ:
ಏಕೆಂದರೆ ಆನೆ.
ಪೂರ್ಣವಿರಾಮವನ್ನೂ ಇಟ್ಟಿದ್ದಾನೆ.
ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ, ಎಲ್ಲರೂ ನಕ್ಕರು,
ಹಿಂದಿ ಮೇಷ್ಟ್ರಿಗೆ ನೆತ್ತಿಗೆ ಹತ್ತಿತು.
ಸೊನ್ನೆ.

ಪ್ರಶ್ನೆ ಏಳು. ಅವಾಹಕಕ್ಕೆ ಒಂದು ಉದಾಹರಣೆ ಕೊಡಿ.
ರಬ್ಬರ್. ಗಾಜು. ಒಣಮರ. ರಬ್ಬರ್. ರಬ್ಬರ್.
ಮುಂದಿನ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ರಬ್ಬರ್.
ಪರೀಕ್ಷೆಯ ಹೊತ್ತಿಗೆ ಅವಾಹಕವೂ ಚೆನ್ನಾಗಿ ಹರಿಯುತ್ತದೆ.
ಆಮೇಲೆ ಚುಬ್ರುವಿನ ಮಗಳು ಮಲ್ಲಿಗೆ,
ಓರೆ ಅಕ್ಷರ, ಒತ್ತಿ ಬರೆದ ಪೆನ್ಸಿಲ್ಲು:
ಆನೆಯ ಕೊಂಬು.

ಮತ್ತೆ ಆನೆ!
ಯೋಚಿಸಲಿಲ್ಲ, ಗೀಟು ಹಾಕಿದೆ.

ಮರುದಿನ ಪತ್ರಿಕೆ ಹಂಚಿ ಮುಗಿದ ಮೇಲೆ
ಅವಳು ಮೇಜಿನ ಬಳಿ ಬಂದು ನಿಂತಳು.
ಹಾಜರಿಗೂ ತುಟಿಯಷ್ಟೇ ಆಡಿಸುವ ಹುಡುಗಿ.
“ಟೀಚರ್, ಇದು ಸರಿ ಇದೆ.
ಅಪ್ಪ ಎಸ್ಟೇಟಿನ ಸೋಲಾರ್ ಬೇಲಿ ನೋಡಿಕೊಳ್ಳೋದು.
ಸಲಗ ಬಂದ್ರೆ ಸೊಂಡಿಲು ತಲೆ ಮೇಲೆ ಮಡಚಿಟ್ಟು
ತಂತೀನ ಕೊಂಬಲ್ಲಿ ಒತ್ತುತ್ತೆ, ಕಂಬ ಬೀಳೋ ತನಕ.
ಸೊಂಡಿಲು ತಾಗಿದ್ರೆ ಕಿರುಚುತ್ತೆ.
ಕೊಂಬು ತಾಗಿದ್ರೆ ಏನೂ ಇಲ್ಲ.
ಕೊಂಬಿಲ್ಲದ್ದು ಹಿಂದೆ ನಿಂತು ಕಾಯುತ್ತೆ.”

ನಾನು ಕೊಪ್ಪಳದವಳು.
ಆನೆ ಎಂದರೆ ನನಗೆ ಮಠದ ಬಾಗಿಲಲ್ಲಿ ನಿಂತದ್ದು,
ಹಣೆಗೆ ಬಣ್ಣ, ಕಾಲಿಗೆ ಸರಪಳಿ,
ಬಾಳೆಹಣ್ಣಿಗೆ ಬದಲಾಗಿ ಒಂದು ಆಶೀರ್ವಾದ.
ಅದು ಏನನ್ನಾದರೂ ಪರೀಕ್ಷಿಸಿ ನೋಡೀತು ಎಂದು
ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬೇಲಿಗೆ ಹೋದೆ.
ಚುಬ್ರು ಕುಶಲ ಕೇಳಲಿಲ್ಲ,
ಒಂದು ಹಸಿ ಹುಲ್ಲಿನೆಳೆ ಕಿತ್ತು ಕೈಗಿಟ್ಟ.
“ತುದಿ ತಾಗಿಸಿ. ಈಗ ಮೆಲ್ಲಗೆ ಮುಂದಕ್ಕೆ ಜಾರಿಸಿ.
ಹುಲ್ಲು ಉದ್ದ ಇದ್ರೆ ಸಣ್ಣ ಏಟು,
ಗಿಡ್ಡ ಆಗ್ತಾ ಆಗ್ತಾ ದೊಡ್ಡದು.”
ಟಿಕ್.
ಬೆರಳ ತುದಿಯಲ್ಲಿ ಇರುವೆಯಂಥದ್ದೊಂದು.
ಟಿಕ್. ಮಣಿಕಟ್ಟು.
ಟಿಕ್. ಮೊಣಕೈ! ಹುಲ್ಲು ಬಿಸಾಕಿದೆ.
ರೋಧವು ವಾಹಕದ ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ.
ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ,
ಅಡಿಗೆರೆ ಎಳೆದು, ಬಣ್ಣದ ಸೀಮೆಸುಣ್ಣದಲ್ಲಿ.
ಚುಬ್ರು ನಗಲಿಲ್ಲ.
ಅವನು ದಿನವೂ ಬೆಳಿಗ್ಗೆ ಈ ಉತ್ತರ ತಿದ್ದುವವನು,
ಮೂರು ಕಿಲೋಮೀಟರು ಉದ್ದಕ್ಕೂ.

ಸೋಮವಾರ ಮಲ್ಲಿಗೆಯ ಹನ್ನೊಂದು ಹನ್ನೆರಡಾಯಿತು.
ಮಾದರಿ ಉತ್ತರದಲ್ಲಿ ರಬ್ಬರಿನ ಪಕ್ಕ ಕೊಂಬು ಸೇರಿಸಿದೆ.
ಅವಳು ಪತ್ರಿಕೆ ಮಡಚಿ ಚೀಲಕ್ಕೆ ಹಾಕಿಕೊಂಡಳು, ಅಷ್ಟೆ.
ನೌಫಲ್ ಮಾತ್ರ ಬಿಡಲಿಲ್ಲ:
“ಹಾಗಾದ್ರೆ ನಂದು, ಟೀಚರ್?”
ನಿನ್ನದು ಬೇರೆ, ಅಲ್ಲಿ ಜಡತ್ವ ಬರಬೇಕು, ಹೋಗು ಎಂದೆ.

ಅಂದು ಸಂಜೆ ಸಿದ್ದಾಪುರದ ಬಸ್ಸು.
ಎರಡನೇ ತಿರುವು ದಾಟುತ್ತಲೇ ಥಟ್ಟನೆ ಬ್ರೇಕು,
ನನ್ನ ಹಣೆ ಮುಂದಿನ ಸೀಟಿನ ಕಂಬಿಗೆ.
ಡ್ರೈವರ್ ಲೈಟು ಆರಿಸಿದ.
ಯಾರೋ ಮಗುವಿನ ಬಾಯಿ ಮುಚ್ಚಿದರು.
ಕತ್ತಲಿಗಿಂತ ಕಪ್ಪಗೆ ಒಂದು, ಇನ್ನೊಂದು,
ನಡುವೆ ಒಂದು ಮರಿ, ಅವಸರವೇ ಇಲ್ಲದೆ.

ಇಡೀ ಬಸ್ಸು ಮುಂದಕ್ಕೆ ಬಾಗಿತ್ತು.
ಏಕೆ ಎಂದು ಯಾರೂ ಕೇಳಲಿಲ್ಲ.