ಎರಡನೇ ಪ್ರತಿವಾದಿಯ ಇಂಗ್ಲಿಷ್ ಪಾಠ

ದುರ್ಗಿಗುಡಿಯ ಬ್ಯಾಗಿನಂಗಡಿ ಮೇಲೆ, ಮೂರನೇ ಮಹಡಿ,
ಸಂಜೆ ಆರೂವರೆಗೆ ಇಂಗ್ಲಿಷ್ ಕ್ಲಾಸು.
ದಿನವಿಡೀ ಗಿರಾಕಿಗಳ ಮುಂದೆ
ಸೀರೆ ಬಿಚ್ಚಿ ಮಡಿಚಿ ಸೋತ ಕೈ
ಇಲ್ಲಿ ಪೆನ್ನು ಹಿಡಿಯುತ್ತದೆ.
ಇಂಗ್ಲಿಷ್ ಬಂದರೆ ರೇಷ್ಮೆ ಕೌಂಟರು,
ತಿಂಗಳಿಗೆ ಎರಡು ಸಾವಿರ ಜಾಸ್ತಿ,
ಸಾಹುಕಾರರ ಮಾತು.

ಇವತ್ತಿನ ಪಾಠ ಮನೆಯವರು.
"ನಿಮ್ಮವರ ಬಗ್ಗೆ ಒಂದೊಂದು ವಾಕ್ಯ ಹೇಳಿ"
ಅಂದರು ಐರಿನ್ ಡಿಮೆಲ್ಲೋ ಮೇಡಂ.
ಎದ್ದೆ, ಸೆರಗು ಸರಿಮಾಡಿಕೊಂಡೆ.
"ಅವರ್ ಹಸ್ಬೆಂಡ್ ಈಸ್ ಎಲೆಕ್ಟ್ರಿಷಿಯನ್."
ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.
"ಎಷ್ಟು ಜನ ಹಂಚಿಕೊಂಡಿದ್ದೀರಿ ಪಂಕಜಕ್ಕ?"
ಮೊಬೈಲ್ ರಿಪೇರಿ ಹುಡುಗ ಬೆಂಚು ಕುಟ್ಟಿದ.

ನಾವು ಹಾಗೇ ಅಲ್ಲವೇ ಅನ್ನುವುದು?
ನಮ್ಮ ಯಜಮಾನರು, ನಮ್ಮತ್ತೆ, ನಮ್ಮ ಹುಡುಗಿ.
ಅವರು ಅನ್ನುವುದೂ ಅವರ್ ಅನ್ನುವುದೂ ಬಾಯಿಗೆ ಒಂದೇ.
'ನನ್ನ ಗಂಡ' ಅಂತ ನಾನು ಬಾಯಿಬಿಟ್ಟು ಅಂದದ್ದು
ಒಂದೇ ಸಲ, ರೇಷನ್ ಕಾರ್ಡಿನ ಆಫೀಸಿನಲ್ಲಿ,
ಅದೂ ಗುಮಾಸ್ತ ಎರಡು ಸಲ ಕೇಳಿದ ಮೇಲೆ.

ಮೇಡಂ ನಗಲಿಲ್ಲ. ಬೋರ್ಡಿನಲ್ಲಿ ಬರೆದರು:
ಮೈ ಮದರ್, ಮೈ ಬ್ರದರ್, ಮೈ ಹಸ್ಬೆಂಡ್.
ನಾನು ಕನ್ನಡಕ್ಷರದಲ್ಲಿ ಇಳಿಸಿಕೊಂಡೆ.
ಓದಿದರೆ ಮೈಯೇ ಕಾಣುತ್ತದೆ,
ನೀರು ಹಾಕಿ ತೊಳೆಯುವ, ಜ್ವರ ಬಂದರೆ ಕಾಯುವ ಮೈ.
ಮದರಿನ ಮುಂದೆ ಮೈ, ಸರಿಯೇ.
ಹೆತ್ತದ್ದು ಅದೇ ತಾನೆ.

ಆಮೇಲೆ ಸಿಸ್ಟರ್ ಇನ್ ಲಾ.
ಅತ್ತಿಗೆಗೂ ಅದೇ, ನಾದಿನಿಗೂ ಅದೇ,
ಮೈದುನನ ಹೆಂಡತಿ ವಾರಗಿತ್ತಿಗೂ ಅದೇ.
ಮೂರು ಜನಕ್ಕೆ ಒಂದೇ ಅಳತೆಯ ರವಿಕೆ.
"ಲಾ ಅಂದರೆ ಏನು ಮೇಡಂ?"
"ಕಾನೂನು."
ಈ ಸಲ ನಾನೊಬ್ಬಳೇ ನಕ್ಕೆ.

ಯಾಕೆಂದರೆ ನಮ್ಮ ವಾರಗಿತ್ತಿ ಸರ್ವಮಂಗಳೆ
ನಿಜಕ್ಕೂ ಇರುವುದು ಕಾನೂನಿನ ಒಳಗೇ.
ಗಾಡಿಕೊಪ್ಪದ ಮೂವತ್ತು ನಲವತ್ತರ ಸೈಟು,
ಮಾವನವರು ಬಾಯಲ್ಲಿ ಹೇಳಿ, ಕಾಗದದಲ್ಲಿ ಹೇಳದೆ ಹೋದದ್ದು.
ಆರು ವರ್ಷದಿಂದ ಅವಳು ವಾದಿ,
ನಾನು ಎರಡನೇ ಪ್ರತಿವಾದಿ,
ಒಂದನೆಯದು ಅವರ್ ಹಸ್ಬೆಂಡ್.
"ನಮ್ಮ ಸೈಟು ಅನ್ನಬೇಡಿ, ನನ್ನ ಪಾಲು ಅನ್ನಿ"
ವಕೀಲರು ಮೆಟ್ಟಿಲ ಮೇಲೆ ಬಾಯಿಪಾಠ ಮಾಡಿಸಿದ್ದರು.
ಮೈ ಅನ್ನುವುದನ್ನು ನಾನು
ಇಂಗ್ಲಿಷಿಗೆ ಮೊದಲೇ ಕಲಿತಿದ್ದೆ.

ಮೊನ್ನೆ ಅಂಗಡಿಗೆ ಬಂದಿದ್ದ ಅವಳ ಮಗ ಚಿರಂತ,
ಅವನ ಚಿಕ್ಕಮ್ಮನ ಜೊತೆ. ಎಂಟನೇ ಕ್ಲಾಸು, ಟೈ.
ಮಂಗಳೆ ಕಾಮಾಲೆಯಲ್ಲಿ ಮಲಗಿದ್ದಾಗ
ಮೂರು ತಿಂಗಳು ನನ್ನ ಮಗ್ಗುಲು ಒದ್ದೆ ಮಾಡಿದವನು.
ದೊಡ್ಡಮ್ಮ ಅನ್ನಲು ಬಾರದೆ 'ದೊಮ್ಮ' ಅಂದವನು.
"ಆಂಟಿ, ಇದರಲ್ಲಿ ಗ್ರೀನ್ ಇದೆಯಾ?" ಅಂದ.
ಬಳೆ ಮಾರುವವಳೂ ಆಂಟಿ,
ಬಸ್ಸಿನಲ್ಲಿ ಕಾಲು ತುಳಿದವಳೂ ಆಂಟಿ.
ಚಿಕ್ಕಮ್ಮ ಮಾತ್ರ ಚಿಕ್ಕಮ್ಮ.
ಗ್ರೀನ್ ತೆಗೆದು ಹರಡಿದೆ.
ತೊಗೊಳ್ಳಲಿಲ್ಲ.

ಕೊನೆಗೆ ಮೇಡಂ ಒಂದು ನಿಯಮ ಹೇಳಿದರು:
ಹೆಸರಿನ ಹಾಗೆ ಕರೆಯುವಾಗ ಮೈ ಬೇಡ,
ಮೊದಲಕ್ಷರ ದೊಡ್ಡದಿರಲಿ.
'ಮದರ್ ಈಸ್ ಕುಕಿಂಗ್', ಅಷ್ಟು ಸಾಕು.
"ಇಂಗ್ಲಿಷಿನಲ್ಲಿ ಇಲ್ಲದವರಿದ್ದರೆ?" ಕೇಳಿದೆ.
"ಹಾಗೇ ಇಡಿ. ನಮ್ಮತ್ತೆ ನನಗೆ
ಇಂಗ್ಲಿಷಿನಲ್ಲೂ ಮಾಂಯ್."
ನಮ್ಮತ್ತೆ ಅಂದರು. ಗಮನಿಸಿದೆ.

ಇಂಗ್ಲಿಷಿನ ಡಿ ಬರೆದೆ, ದೊಡ್ಡದು.
ಎಂಟು ತಿಂಗಳ ಹೊಟ್ಟೆಯ ಹಾಗೆ ಮುಂದೆ ಬಂದ ಡಿ.
ಉಳಿದ ಅಕ್ಷರಗಳು ಅದರ ಸೆರಗು ಹಿಡಿದು ನಿಂತವು.
'ದೊಡ್ಡಮ್ಮ ಈಸ್ ವೇಟಿಂಗ್.'

ಮೇಡಂ ಕೆಂಪು ಪೆನ್ನಿನಿಂದ
ವೇಟಿಂಗಿನ ಒಂದಕ್ಷರ ತಿದ್ದಿದರು,
ಮಿಕ್ಕದ್ದು ಮುಟ್ಟಲಿಲ್ಲ.
ಹದಿನೇಳಕ್ಕೆ ವಾಯಿದೆ ಇದೆ, ಅವತ್ತು ಬರುವುದಿಲ್ಲ
ಅನ್ನುವುದನ್ನು ಮಾತ್ರ
ಕನ್ನಡದಲ್ಲೇ ಹೇಳಿ ಮೆಟ್ಟಿಲಿಳಿದೆ.